ಸ್ಕ್ರೀನು ಕತ್ತಲೆ ಅಂದ ಬಾವ

ನಾಲ್ಕು ಸಾವಿರದ ಇನ್ನೂರು ರೂಪಾಯಿ ಕೊಟ್ಟೆ. ಅಂಗಡಿಯವನು ಹೇಳಿದ್ದು ಐದೂವರೆ ಸಾವಿರ. ಮೈಸೂರಿನ ಆ ಅಂಗಡಿಯ ಮೆಟ್ಟಿಲನ್ನು ಎರಡು ಸಲ ಇಳಿದು ಹೊರಟೆ, ಎರಡು ಸಲವೂ ಅವನೇ ಕೂಗಿ ಕರೆದ. ಮೂರನೆಯ ಸಲ ಇಳಿದರೆ ಕರೆಯುವುದಿಲ್ಲ ಅನ್ನುವುದು ಅವನ ಮುಖದಲ್ಲಿ ಕಂಡಿತು, ಅಲ್ಲಿಗೆ ನಿಲ್ಲಿಸಿದೆ. ಚೌಕಾಸಿ ಮಾಡುವವರೆಲ್ಲ ಅಂಗಡಿ ಬಿಟ್ಟು ಹೊರಡುವುದನ್ನು ಬೇಗ ಕಲಿಯುತ್ತಾರೆ. ಯಾವಾಗ ಹೊರಡಬಾರದು ಅನ್ನುವುದು ಬಹಳ ಜನಕ್ಕೆ ಕೊನೆಯವರೆಗೂ ತಿಳಿಯುವುದಿಲ್ಲ. ಇಂಥ ಮಾತನ್ನು ನಾನು ಯಾರೂ ಕೇಳದಿದ್ದರೂ ಹೇಳುತ್ತಿರುತ್ತೇನೆ, ಅಭ್ಯಾಸ.

ಕೊಂಡದ್ದು ಅಂಗೈ ಅಗಲದ ಒಂದು ಹಸಿರು ಹಲಗೆ, ಅದರ ಮೇಲೊಂದು ಪುಟ್ಟ ಫ್ಯಾನು. ಗ್ರಾಫಿಕ್ಸ್ ಕಾರ್ಡು ಅನ್ನುತ್ತಾರೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿದರೆ ಪರದೆಯ ಮೇಲಿನ ಚಿತ್ರ ತಿಳಿಯಾಗುತ್ತದೆ, ಆಟ ಮುಗ್ಗರಿಸದೆ ಓಡುತ್ತದೆ. ಮೊನ್ನೆ ಮೇಜಿನ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ನು ಹುಡುಕುವಾಗ ಕೈಗೆ ಸಿಕ್ಕಿತು. ಈಗ ಅದನ್ನು ಗುಜರಿಯವನೂ ತೂಕಕ್ಕೆ ಹಾಕಿಕೊಳ್ಳುವುದಿಲ್ಲ. ಫ್ಯಾನಿನ ಎಸಳನ್ನು ಬೆರಳಿನಿಂದ ತಿರುಗಿಸಿದೆ, ಒಂದು ಸುತ್ತು ತಿರುಗಿ ನಿಂತಿತು. ಆಮೇಲೆ ಪಿನ್ನು ಹುಡುಕಲಿಲ್ಲ.

ಅದನ್ನು ಯಾಕೆ ಕೊಂಡೆ ಅಂದರೆ, ನಮ್ಮ ಬಾವ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು, "ಸ್ಕ್ರೀನು ಕತ್ತಲೆ ಕಣ್ಲಾ ರಾಜ, ಏನೂ ಕಾಣಲ್ಲ" ಅಂದರು. ಅಷ್ಟೇ ಕಾರಣ.

ನಾನು ಹುಟ್ಟಿದ್ದು ಮಿರ್ಲೆಯಲ್ಲಿ. ಹುಣಸೂರಿಗೆ ಬಂದು ಬಸ್ ಸ್ಟ್ಯಾಂಡಿನ ಹಿಂದುಗಡೆ ಮೊದಲು ಎಸ್ಟಿಡಿ ಬೂತು ಹಾಕಿದೆ, ಅದರ ಪಕ್ಕ ಜೆರಾಕ್ಸ್ ಮಷೀನು ಇಟ್ಟೆ, ಎರಡು ಸಾವಿರದ ಇಸವಿ ದಾಟಿದ ಮೇಲೆ ನಾಲ್ಕು ಕಂಪ್ಯೂಟರು ತಂದು ಸೈಬರ್ ಸೆಂಟರ್ ಅಂತ ಬೋರ್ಡು ಬರೆಸಿದೆ. ಪರೀಕ್ಷೆಯ ರಿಸಲ್ಟ್ ಬರುವ ದಿನ ಕೂರಲು ಜಾಗವಿರುತ್ತಿರಲಿಲ್ಲ, ಉಳಿದ ದಿನ ನೊಣ ಹೊಡೆಯುವುದು. ನೊಣದ ಬದಲು ಶತ್ರುಗಳನ್ನು ಹೊಡೆಯಲಿ ಅಂತ ನಾಲ್ಕಕ್ಕೂ ಗುಂಡು ಹಾರಿಸುವ ಒಂದು ಆಟ ಹಾಕಿದೆ. ಪರದೆಯಲ್ಲಿ ನಮ್ಮ ಕೈ ಮತ್ತು ಬಂದೂಕು ಮಾತ್ರ ಕಾಣುತ್ತದೆ. ಎದುರಿಗೆ ಗೋದಾಮು, ಓಣಿ, ಮೆಟ್ಟಿಲು. ನಾಲ್ಕು ಮಷೀನಿಗೂ ವೈರು ಎಳೆದಿದ್ದರಿಂದ ಅಕ್ಕಪಕ್ಕ ಕೂತವರೇ ಒಬ್ಬರನ್ನೊಬ್ಬರು ಹುಡುಕಿ ಹೊಡೆಯಬಹುದು. ಹುಣಸೂರಿನ ಕಾಲೇಜು ಹುಡುಗರಿಗೆ ಇನ್ನೇನು ಬೇಕು!

ಬಾವ ಬಂದದ್ದು ಆಟಕ್ಕಲ್ಲ, ಅಂಗಡಿಯ ಫ್ಯಾನಿನ ಗಾಳಿಗೆ. ಅವರು ಚೆಲುವೇಗೌಡರು, ನಮ್ಮ ಜಯಕ್ಕನ ಗಂಡ. ಪ್ರೈವೇಟ್ ಬಸ್ಸಿನ ಡ್ರೈವರು. ಬೆಳಿಗ್ಗೆ ಪಿರಿಯಾಪಟ್ಟಣ ಬಿಟ್ಟರೆ ಹುಣಸೂರು, ಗುರುಪುರದ ಮೇಲೆ ಎಚ್.ಡಿ. ಕೋಟೆ, ತಿರುಗಿ ಮಧ್ಯಾಹ್ನದ ಹೊತ್ತಿಗೆ ಹುಣಸೂರು. ಇಲ್ಲಿ ಒಂದೂವರೆ ಗಂಟೆ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರ್ ರಫೀಕ್ ಮನೆಗೆ ಹೋಗಿ ಉಂಡು ಬರುತ್ತಿದ್ದ. ಬಾವ ಬುತ್ತಿ ಬಿಚ್ಚಿ ನನ್ನ ಅಂಗಡಿಯಲ್ಲೇ ಉಂಡು, ಕಾಲು ಚಾಚಿ, ಹುಡುಗರ ಆಟ ನೋಡುತ್ತಾ ಕೂರುತ್ತಿದ್ದರು.

ಅವರ ಕಣ್ಣಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅವರು ಹೆಣ್ಣು ನೋಡಲು ಮಿರ್ಲೆಗೆ ಬಂದಾಗ ನನಗೆ ಹನ್ನೆರಡೋ ಹದಿಮೂರೋ. ಬತ್ತ ಹಾಲುಗಟ್ಟುವ ಕಾಲ. ಆ ದಿನಗಳಲ್ಲಿ ಗದ್ದೆಯ ಹಕ್ಕಿ ಓಡಿಸುವುದು ನನ್ನ ಕೆಲಸ, ಕೈಯಲ್ಲಿ ಯಾವಾಗಲೂ ಕವಣೆ. ಉಪ್ಪಿಟ್ಟು ಕಾಫಿಯಾದ ಮೇಲೆ ಗಂಡಿನವರು ಹಿತ್ತಿಲಿಗೆ ಕೈ ತೊಳೆಯಲು ಬಂದರು. ನಾನು ಈ ಮನುಷ್ಯನನ್ನು ಮೇಲಿಂದ ಕೆಳಕ್ಕೆ ನೋಡಿ, "ಆ ಬೇಲದ ಮರದ ತುದೀಲಿ ಒಂಟಿ ಕಾಯಿ ಐತಲ್ಲ, ಅದನ್ನ ಕೆಡವ್ತೀರಾ?" ಅಂದೆ.

"ಎಷ್ಟು ಕಲ್ಲು ಕೊಡ್ತೀಯಾ?" ಅಂದರು.

"ಒಂದು."

"ಮೂರು ಕೊಡು."

"ಒಂದೇ ಕಣ್ರೀ. ನಮ್ಮಕ್ಕನೂ ಒಬ್ಳೇ."

ನಕ್ಕರು. ಕವಣೆ ಇಸಿದುಕೊಂಡು ಒಂದೇ ಸುತ್ತು ಬೀಸಿದರು. ಕಾಯಿ ಬಂದು ಹಿತ್ತಿಲ ಬಚ್ಚಲ ಕಲ್ಲಿನ ಮೇಲೆ ಬಿದ್ದು ಒಡೆಯಿತು. ನಾನು ಒಳಗೆ ಓಡಿ, ಇವರೇ ಇರಲಿ ಅಂತ ಅವ್ವನಿಗೆ ತೀರ್ಪು ಕೊಟ್ಟೆ. ನನ್ನ ತೀರ್ಪನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಮದುವೆ ಆದ ಮೇಲೆ ನಾನೇ ಮಾಡಿಸಿದೆ ಅನ್ನುವ ಹಮ್ಮು ನನಗೆ ಬಹಳ ದಿನ ಇತ್ತು. ಆಮೇಲೆ ಅವರು ಸ್ಟೇರಿಂಗ್ ಹಿಡಿದರು. ಅವರ ಬಸ್ಸಿನ ಮೈಮೇಲೆ ಒಂದು ಗೀರು ಇರುತ್ತಿರಲಿಲ್ಲ. ಬಸವನಹುಳು ದಾಟುತ್ತಿದ್ದರೂ ಚೆಲುವಣ್ಣ ಬ್ರೇಕ್ ಒತ್ತುತ್ತಾರೆ ಅಂತ ಜನ ತಮಾಷೆ ಮಾಡುತ್ತಿದ್ದರು.

ಅಂಥವರು ನಲವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, "ತಗಿ, ಒಂದು ಕೈ ನೋಡಾನ" ಅಂತ ಮೂರನೆಯ ನಂಬರಿನ ಮಷೀನಿನ ಮುಂದೆ ಕೂತುಬಿಟ್ಟರು. ಮೌಸನ್ನು ಅಂಗೈಯಲ್ಲಿ ಗೇರ್ ಹಿಡಿಯಂತೆ ಹಿಡಿದರು. ಓಣಿಯಲ್ಲಿ ಓಡುವಾಗ ಮೇಜಿನ ಕೆಳಗೆ ಅವರ ಎಡಗಾಲು ಕ್ಲಚ್ ಹುಡುಕುತ್ತಿತ್ತು. ಹುಡುಗರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆದರೆ ಎದುರಿಗೆ ನೇರ ಬಂದವರು ಯಾರೂ ಉಳಿಯುತ್ತಿರಲಿಲ್ಲ. ಒಂದೇ ಗುಂಡು.

ಬಾವ ಸಾಯುತ್ತಿದ್ದದ್ದು ಮಗ್ಗುಲಿನಿಂದ ಬಂದವರ ಕೈಲಿ. ಪರದೆ ಕೆಂಪಗಾದಾಗೆಲ್ಲ ಕುರ್ಚಿಯಲ್ಲಿ ಹಿಂದೆ ವಾಲಿ, "ಎಲ್ಲಿಂದ ಬಂದ್ನಲಾ ಇವ್ನು? ಖಾಲಿ ಇತ್ತಲ್ಲ!" ಅನ್ನುತ್ತಿದ್ದರು.

"ಎಡಗಡೆ ಬಾಗ್ಲಲ್ಲೇ ನಿಂತಿದ್ದೆ ಕಣಣ್ಣ, ನೀವೇ ನೋಡಿದ್ರಿ" ಅನ್ನುತ್ತಿದ್ದರು ಹುಡುಗರು.

"ಸುಳ್ಳು ಬುಡು. ಬಾಗ್ಲಲ್ಲಿ ನರಪಿಳ್ಳೆ ಇರ್ನಿಲ್ಲ."

ಆಗ ನಾನು ಎದ್ದು ಬಂದೆ. ಯಾರಾದರೂ ತೊಂದರೆ ಹೇಳಿಕೊಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಅದರಲ್ಲೂ ಆ ತೊಂದರೆಗೆ ನನ್ನ ಬಳಿ ಉತ್ತರ ಇದೆ ಅಂತ ಅನ್ನಿಸಿಬಿಟ್ಟರೆ.

ಆಟದೊಳಗೆ ಆಪ್ಷನ್ಸ್ ಅಂತ ಒಂದು ಪುಟ ಇರುತ್ತದೆ. ಕಂಪ್ಯೂಟರಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ, ಯಾಕೆಂದರೆ ಅದೊಂದು ಸಂತೆ. ಅಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಚಿತ್ರ ಅಂದವಾಗಿ ಬೇಕೆಂದರೆ ವೇಗ ಬಿಟ್ಟುಕೊಡಬೇಕು. ವೇಗ ಬೇಕೆಂದರೆ ಮರದ ನೆರಳು, ನೀರಿನಲ್ಲಿ ಕಾಣುವ ಬಿಂಬ, ಗೋಡೆಯ ಮೇಲಿನ ಪಾಚಿ ಇವನ್ನೆಲ್ಲ ಒಂದೊಂದಾಗಿ ಬಿಟ್ಟುಕೊಡಬೇಕು. ಹಳೆಯ ಮಷೀನು ಸೆಕೆಂಡಿಗೆ ಇಷ್ಟೇ ಚಿತ್ರ ಬಿಡಿಸಬಲ್ಲದು. ಅದರ ಮೇಲೆ ಹೇರಿದರೆ ಏರಿನಲ್ಲಿ ಲೋಡು ಲಾರಿಯ ಹಾಗೆ ನಿಂತು ನಿಂತು ಹೋಗುತ್ತದೆ. ನಾನು ಆ ಪುಟದಲ್ಲಿ ಕೂತು ಗಂಟೆಗಟ್ಟಲೆ ಚೌಕಾಸಿ ಮಾಡುತ್ತಿದ್ದೆ. ಹುಲ್ಲು ತೆಗೆದರೆ ಆಟವೂ ಜೋರಾಗಿ ಓಡುತ್ತದೆ, ಹುಲ್ಲಿನಲ್ಲಿ ಅವಿತವನೂ ಬಯಲಾಗುತ್ತಾನೆ ಅನ್ನುವುದನ್ನು ನಾನೇ ಕಂಡುಹಿಡಿದದ್ದು. ಹುಣಸೂರಿನಲ್ಲಿ ಅಂತೂ ನಾನೇ ಮೊದಲು.

ಬಾವನ ಮಷೀನಿಗೆ ಮೊದಲು ಮೌಸಿನ ವೇಗ ಏರಿಸಿದೆ, ಮಗ್ಗುಲಿಗೆ ಬೇಗ ತಿರುಗಲಿ ಅಂತ.

"ಓಹೋ, ಪವರ್ ಸ್ಟೇರಿಂಗ್ ಆಯ್ತಲ್ಲೋ!" ಅಂದರು.

ಆದರೂ ಸತ್ತರು. ಓಡುವ ಕೀಲಿಗಳನ್ನು ಬಾಣದ ಗುರುತಿನ ಕಡೆಗೆ ಬದಲಿಸಿಕೊಟ್ಟೆ. ಸತ್ತರು. ಗುರಿಯ ಪ್ಲಸ್ ಗುರುತನ್ನು ದಪ್ಪ ಮಾಡಿ, ಬಿಳಿ ತೆಗೆದು ಹಳದಿ ಹಾಕಿದೆ. ಬ್ರೈಟ್‌ನೆಸ್ಸನ್ನು ಅರ್ಧದಿಂದ ಮುಕ್ಕಾಲಿಗೆ, ಮುಕ್ಕಾಲಿನಿಂದ ತುದಿಗೆ ತಳ್ಳಿದೆ. ಗೋದಾಮಿನ ಕತ್ತಲೆ ಮೂಲೆಗಳೆಲ್ಲ ಸುಣ್ಣ ಬಳಿದಂತಾದವು. ಪಕ್ಕದ ಮಷೀನಿನವನು, "ಏನಣ್ಣ ಇದು, ನಡುಮಧ್ಯಾಹ್ನ ಮಾಡಿಬಿಟ್ಟಿದ್ದೀರಲ್ಲ" ಅಂದ. ಬಾವ ಮಾತ್ರ ಪರದೆಗೆ ಮುಖ ತಂದು, "ಇನ್ನೂ ಕತ್ತಲೆ ಕಣ್ಲಾ ರಾಜ" ಅಂದರು.

ಇಷ್ಟೆಲ್ಲ ಆದರೂ ನನ್ನ ಅನುಮಾನ ಹೋದದ್ದು ಮಷೀನಿನ ಮೇಲೆ. ವರ್ಷಗಟ್ಟಲೆ ಕೊಳ್ಳುವುದು ಮಾರುವುದರಲ್ಲಿ ಕಳೆದವನಿಗೆ ಬರುವ ಕಾಯಿಲೆ ಇದು: ಏನು ಕೆಟ್ಟರೂ ಮಾರಿದವನು ಮೋಸ ಮಾಡಿದ್ದಾನೆ ಅಂತಲೇ ಮೊದಲು ತೋರುತ್ತದೆ. ಮಾನಿಟರ್ ಕೊಟ್ಟವನಿಗೆ ಫೋನಿನಲ್ಲಿ ಬೈದು ಮಾನಿಟರ್ ಬದಲಾಯಿಸಿದೆ. ಅದಾದ ಮೇಲೆ ಮೈಸೂರಿಗೆ ಹೋಗಿ ಆ ಕಾರ್ಡು ತಂದೆ.

ಕಾರ್ಡು ಹಾಕಿದ ಮೇಲೆ ಒಂದು ಉಪಾಯ ಹೊಳೆಯಿತು. ಪರದೆಯ ಚಿತ್ರದ ಅಳತೆಯನ್ನು ಕುಗ್ಗಿಸಿ, ಸುತ್ತಲೂ ಕಪ್ಪು ಅಂಚು ಬಿಟ್ಟು, ಇಡೀ ಆಟವನ್ನು ನಡುವೆ ಒಂದು ಕ್ಯಾಲೆಂಡರಿನಷ್ಟು ಜಾಗಕ್ಕೆ ತಂದೆ. ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದು ಕೂರಿಸಿದೆ. ಆ ದಿನ ಬಾವ ಒಬ್ಬರೇ ಹನ್ನೊಂದು ಸಲ ಹುಡುಗರನ್ನು ಉರುಳಿಸಿದರು. ಎಡದಿಂದ ಬಂದವನನ್ನೂ, ಬಲದಿಂದ ಬಂದವನನ್ನೂ. ಎದ್ದು ನಿಂತು ನನ್ನ ಬೆನ್ನಿಗೆ ಗುದ್ದಿ, "ನಾನೇಳ್ನಿಲ್ವಾ, ನನ್ ಕಣ್ಣಲ್ಲ, ನಿನ್ ಡಬ್ಬದ್ದೇ ತಪ್ಪು ಅಂತ!" ಅಂದರು. ನನಗೂ ಹಾಗೇ ಅನ್ನಿಸಿತು. ಕೊಟ್ಟ ದುಡ್ಡು ಸಾರ್ಥಕ ಅಂದುಕೊಂಡೆ. ನಡುವೆ ಮಾತ್ರ ಕಾಣುವ ಮನುಷ್ಯನಿಗೆ ಇಡೀ ಲೋಕವನ್ನು ನಡುವಿಗೆ ಒತ್ತರಿಸಿ ಕೊಟ್ಟಿದ್ದೇನೆ ಅನ್ನುವುದು ನನಗೆ ತಿಳಿಯಲಿಲ್ಲ. ತಿಳಿಯುವಷ್ಟು ಬುದ್ಧಿವಂತ ನಾನು, ತಿಳಿಯಲಿಲ್ಲ.

ತಿಳಿದಿದ್ದವಳು ಅಕ್ಕ. ಅವಳಿಗೆ ಹೊಳೆದದ್ದು ಊಟದ ಹೊತ್ತಿನಲ್ಲಿ. ಎಡಗಡೆ ಇಟ್ಟ ನೀರಿನ ಚೊಂಬನ್ನು ಬಾವ ವಾರಕ್ಕೆ ಮೂರು ಸಲ ಉರುಳಿಸುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದರು. ಅವಳು ಚೊಂಬನ್ನು ಎದುರಿಗೆ ಇಡಲು ಶುರುಮಾಡಿದಳು. ಆಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದಳು. ಪಿರಿಯಾಪಟ್ಟಣದ ಕಲ್ಯಾಣ ಮಂಟಪದಲ್ಲಿ ಭಾನುವಾರ ಕಣ್ಣಿನ ಕ್ಯಾಂಪು ಇದೆ, ದೊಡ್ಡ ಡಾಕ್ಟರುಗಳು ಬರುತ್ತಾರೆ, ಬಾವನನ್ನು ಒಪ್ಪಿಸು ಅಂದಳು. "ನೀನೇಳಿದ್ರೆ ಕೇಳ್ತಾರೆ. ನನ್ ಮಾತು ಅವರ ಕಿವಿಗೇ ಬೀಳಲ್ಲ."

ಬಾವನೂ ಅಲ್ಲೇ ಇದ್ದರು. ಒಂದು ಕ್ಷಣ ಅವರ ಮುಖದಲ್ಲಿ, ಹೋಗೋಣವೇ ಅನ್ನುವ ಭಾವ ಬಂದದ್ದು ನನಗೆ ನೆನಪಿದೆ. ಅದನ್ನು ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ. "ಏನಂತೀಯಾ ರಾಜ?" ಅಂದರು.

ನಾನು ಯೋಚನೆ ಮಾಡಿ ಹೇಳಿದೆ. ಯೋಚನೆ ಮಾಡದೆ ಹೇಳಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಅಕ್ಕ, ಪಿರಿಯಾಪಟ್ಟಣದ ಅರ್ಧ ಜನ ಬಾವನ ಬಸ್ಸಲ್ಲೇ ಓಡಾಡೋರು. ಡ್ರೈವರು ಕಣ್ಣಿನ ಕ್ಯಾಂಪಲ್ಲಿ ಸಾಲು ನಿಂತಿದ್ದ ಅಂತ ಒಬ್ಬ ನೋಡಿದ್ರೆ ಸಾಕು, ಸೋಮವಾರ ಓನರ್ ಕಿವಿಗೆ ಬೀಳುತ್ತೆ. ಅವನು ಒಂದು ಮಾತು ಕೇಳ್ದೆ ಸ್ಟೇರಿಂಗ್ ಬೇರೆಯವರಿಗೆ ಕೊಡ್ತಾನೆ. ಆಮೇಲೆ ಕಣ್ಣು ಚೆನ್ನಾಗೈತೆ ಅಂತ ಡಾಕ್ಟರು ಬರ್ಕೊಟ್ರೂ ಯಾರು ನಂಬ್ತಾರೆ?"

"ಕಣ್ಣೇ ಹೋದ್ರೆ?" ಅಂದಳು ಅಕ್ಕ.

"ಕಣ್ಣಿಗೇನಾಗೈತೆ?" ಅಂತ ಗೋಡೆಯ ಕ್ಯಾಲೆಂಡರ್ ತೋರಿಸಿದೆ. "ಬಾವ, ಆ ಕೆಳಗಿನ ಸಣ್ಣಕ್ಷರ ಓದಿ ನೋಡಾನ."

ಬಾವ ಕುಳಿತಲ್ಲಿಂದಲೇ ಪ್ರಿಂಟಿಂಗ್ ಪ್ರೆಸ್ಸಿನ ವಿಳಾಸ ಸಮೇತ ಓದಿದರು. ನನಗೇ ಅದು ಕಾಣುತ್ತಿರಲಿಲ್ಲ. "ನೋಡ್ದಾ?" ಅಂದೆ ಅಕ್ಕನಿಗೆ, ಗೆದ್ದವನ ಹಾಗೆ. ಡ್ರೈವರ್ ಜನ ಕಣ್ಣಿನ ಡಾಕ್ಟರಿಗೆ ಹೆದರುವಷ್ಟು ಪೊಲೀಸರಿಗೂ ಹೆದರುವುದಿಲ್ಲ. ಬಾವನಿಗೆ ಬೇಕಾದ ಮಾತನ್ನೇ ನಾನು ಹೇಳಿಕೊಟ್ಟೆ. ಅವರು ಎದ್ದು, "ಬುಡು ಜಯ, ಸುಮ್ಕೆ ತಲೆ ಕೆಡಿಸ್ಕೋಬೇಡ" ಅಂತ ಬಸ್ಸಿಗೆ ಹೋದರು. ಅಕ್ಕ ಸ್ವಲ್ಪ ಹೊತ್ತು ಕ್ಯಾಲೆಂಡರನ್ನೇ ನೋಡುತ್ತಾ ನಿಂತಿದ್ದಳು, ಅದರಲ್ಲಿ ಇನ್ನೇನೋ ಬರೆದಿರಬಹುದು ಅನ್ನುವ ಹಾಗೆ.

ಇದಾಗಿ ಏಳೆಂಟು ತಿಂಗಳು ಕಳೆದಿರಬಹುದು. ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗುರುಪುರದಿಂದ ರಫೀಕ್ ಫೋನು ಮಾಡಿದ. "ಅಣ್ಣ, ಬೇಗ ಬನ್ನಿ. ಜನಕ್ಕೆ ಏನೂ ಆಗಿಲ್ಲ. ನೀವ್ ಬನ್ನಿ."

ಸ್ಕೂಟರಿನಲ್ಲಿ ಹೋದೆ. ಗುರುಪುರ ಇನ್ನೂ ಸ್ವಲ್ಪ ದೂರ ಇರುವಾಗಲೇ ಬಸ್ಸು ಕಂಡಿತು, ರಸ್ತೆಗೆ ಅಡ್ಡಡ್ಡ ನಿಂತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಹೇರಿಕೊಂಡು ಎಡಗಡೆಯ ಗಾಡಿದಾರಿಯಿಂದ ಒಂದು ಎತ್ತಿನ ಗಾಡಿ ರಸ್ತೆಗೆ ಬಂದಿತ್ತು. ನಿಧಾನವಾಗಿಯೇ ಬಂದಿತ್ತಂತೆ, ಸೌದೆ ಹೇರಿದ ಗಾಡಿ ಇನ್ನು ಹೇಗೆ ಬಂದೀತು. ಬಸ್ಸಿನ ಎಡಮೂಲೆ ಒಂದು ಎತ್ತಿಗೆ ಬಡಿದಿತ್ತು. ಅದು ಮಣ್ಣಿನಲ್ಲಿ ಮಲಗಿತ್ತು, ಮುಂಗಾಲು ಮುರಿದು ಬೇರೆ ದಿಕ್ಕಿಗೆ ತಿರುಗಿತ್ತು. ಗಾಡಿಯವನು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಬೈಯುತ್ತಿರಲಿಲ್ಲ. ಜೊತೆಯ ಎತ್ತು ನೊಗದಿಂದ ಬಿಚ್ಚಿಸಿಕೊಂಡು ಪಕ್ಕದಲ್ಲೇ ನಿಂತಿತ್ತು.

ಬಾವ ಬಸ್ಸಿನ ಮುಂದೆ ರಸ್ತೆಯ ನಡುವೆ ನಿಂತಿದ್ದರು. ನನ್ನ ಸ್ಕೂಟರು ಎಡಬದಿಯಲ್ಲಿ ಹೋಗಿ ನಿಂತದ್ದು ಅವರಿಗೆ ಕಾಣಲಿಲ್ಲ. ಹತ್ತಿರ ಹೋಗಿ ಕೈ ಹಿಡಿದಾಗ ಬೆಚ್ಚಿದರು. ಆಮೇಲೆ ನನ್ನನ್ನು ನೋಡಿ, ಬಹಳ ಮೆಲ್ಲಗೆ ಅಂದರು: "ಎಲ್ಲಿಂದ ಬಂತಲಾ ಆ ಎತ್ತು? ಖಾಲಿ ಇತ್ತಲ್ಲ."

ಈ ಮಾತನ್ನು ನಾನು ವರ್ಷವಿಡೀ ಮಧ್ಯಾಹ್ನಗಳಲ್ಲಿ ಕೇಳಿದ್ದೆ. ಪ್ರತಿ ಸಲವೂ ನಕ್ಕಿದ್ದೆ. ಆ ರಸ್ತೆಯಲ್ಲಿ ನಿಂತು ಕೇಳಿದ ಮೇಲೆ ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕುಳಿತೆ.

ರಫೀಕ್ ಪಕ್ಕದಲ್ಲಿ ಬಂದು ನಿಂತ. ಟಿಕೆಟ್ಟಿನ ಕಟ್ಟನ್ನು ಕೈಯಲ್ಲಿ ತಿರುಗಿಸುತ್ತಾ, "ನಾಲ್ಕೈದು ತಿಂಗಳಿಂದ ಎಡಗಡೆ ನಾನೇ ನೋಡ್ಕೋತಿದ್ದೆ ಅಣ್ಣ" ಅಂದ. "ಬಾಗ್ಲಲ್ಲೇ ನಿಂತಿರ್ತಿದ್ದೆ. ಏನಾದ್ರೂ ಬಂದ್ರೆ ಎರಡು ಸೀಟಿ ಗಿಡ್ಡಕ್ಕೆ ಊದ್ತಿದ್ದೆ, ಅವ್ರು ನಿಧಾನ ಮಾಡ್ತಿದ್ರು. ನಾವಿಬ್ರೂ ಅದ್ರ ಬಗ್ಗೆ ಮಾತಾಡಿದ್ದೇ ಇಲ್ಲ. ಇವತ್ತು ಟಿಬೆಟ್ ಕ್ಯಾಂಪಿನವ್ರು ಗಂಟು ಮೂಟೆ ತಗೊಂಡು ಹತ್ತಿದ್ರು, ಟಿಕೆಟ್ ಕೊಡ್ತಾ ಹಿಂದ್ಗಡೆ ಸಿಕ್ಕಾಕೊಂಡೆ. ಸೀಟಿ ಬಾಯಲ್ಲೇ ಇತ್ತು ಅಣ್ಣ."

"ನನಗ್ಯಾಕೆ ಹೇಳ್ನಿಲ್ಲ ನೀನು?"

"'ನಮ್ ರಾಜನ್ನೇ ಕೇಳಿದೀನಿ, ಕಣ್ಣು ತೋರ್ಸೋದು ಬೇಡ ಅಂದ' ಅಂತ ಅವ್ರೇ ಹೇಳಿದ್ರು. ನಿಮಗಿಂತ ನನಗೆ ಗೊತ್ತಾ?"

ಅವನು ಸೀಟಿ ಊದಿದ, ಅಕ್ಕ ಚೊಂಬು ಸರಿಸಿದಳು, ನಾನು ಪರದೆ ಕಿರಿದು ಮಾಡಿದೆ. ಮೂವರೂ ಪ್ರೀತಿಯಿಂದಲೇ ಮಾಡಿದ್ದು. ಬಾವನಿಗೆ ಏನೂ ಆಗಿಲ್ಲ ಅಂತ ಅವರನ್ನು ನಂಬಿಸಲು ಬೇಕಾದದ್ದನ್ನೆಲ್ಲ ಮಾಡಿಟ್ಟೆವು.

ಮೈಸೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಮಾಡಿದರು. ಬಿಳಿ ಬಟ್ಟಲಿನಂಥ ಒಂದು ಮಷೀನಿನೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗ ಕೈಯಲ್ಲಿರುವ ಬಟನ್ ಒತ್ತಬೇಕು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಬಾವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಬಟನ್ ಒಂದೆರಡು ಸಲ ಟಕ್ ಅನ್ನುತ್ತಿತ್ತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು ಟಕ್. ಆ ನಿಶ್ಶಬ್ದದಲ್ಲಿ ಎಷ್ಟು ಬೆಳಕು ಮಿನುಗಿ ಹೋದವೋ.

ಹೊರಗೆ ಬಂದಾಗ ಬಾವನ ಮುಖ ಗೆಲುವಾಗಿತ್ತು. "ಒಂದೂ ಬುಟ್ಟಿಲ್ಲ ಕಣ್ಲಾ ರಾಜ. ಕಂಡಿದ್ದನ್ನೆಲ್ಲ ಒತ್ತಿದೀನಿ. ಅವ್ರೇ ಲೈಟು ಕಮ್ಮಿ ಹಾಕಿದ್ರು" ಅಂದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಷೀನು ಕೊಟ್ಟ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಎರಡು ವೃತ್ತ, ಒಂದೊಂದು ಕಣ್ಣಿಗೆ ಒಂದು. ಅಂಚಿನಿಂದ ಒಳಕ್ಕೆ ಕಪ್ಪು, ನಡುವೆ ಬೇಲದ ಬೀಜದಷ್ಟು ಬಿಳಿ. ಗ್ಲಾಕೋಮ ಅಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಬರುತ್ತದೆ, ನೋವಿಲ್ಲ, ಮಗ್ಗುಲಿನ ನೋಟ ಮೊದಲು ಹೋಗುತ್ತದೆ, ಓದುವ ನೋಟ ಕೊನೆಯವರೆಗೂ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ ಅಂದರು.

"ಆಪರೇಷನ್ ಮಾಡಿ ಮೇಡಂ. ಎಷ್ಟಾದ್ರೂ ಆಗ್ಲಿ" ಅಂದೆ.

"ಮಾಡಬಹುದು. ಅದು ಇರೋದನ್ನ ಉಳಿಸೋಕೆ. ಹೋಗಿರೋದು ಬರಲ್ಲ."

"ಪೂರ್ತಿ ಬೇಡ. ಅರ್ಧ ಬಂದ್ರೆ ಸಾಕು."

ಅವರು ತಲೆ ಅಲ್ಲಾಡಿಸಿದರು.

"ಒಂದು ಕಣ್ಣಿಗಾದ್ರೂ? ಎಡಗಡೆ ಸ್ವಲ್ಪ ಕಂಡ್ರೆ ಸಾಕು ಮೇಡಂ, ಅವ್ರು ಡ್ರೈವರು."

ನನ್ನ ಬಾಯಿಂದ ಬರುತ್ತಿದ್ದ ಮಾತು ನನಗೇ ಕೇಳಿಸುತ್ತಿತ್ತು. ಜೀವಮಾನವಿಡೀ ಮಾಡಿದ ಕೆಲಸ ಅದೊಂದೇ, ಬೇರೆ ಮಾತು ಬರಲಿಲ್ಲ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಹಾಳೆಯನ್ನು ಮಡಚುತ್ತಾ, "ಒಂದು ವರ್ಷ ಮುಂಚೆ ಬಂದಿದ್ರೆ ಉಳಿಸ್ಕೊಳ್ಳೋಕೆ ಇನ್ನೂ ಜಾಸ್ತಿ ಇರ್ತಿತ್ತು" ಅಂದರು. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಅವಳು ನನ್ನ ಕಡೆ ತಿರುಗಲಿಲ್ಲ. ತಿರುಗಿ ನೋಡಿದ್ದರೆ ಒಳ್ಳೆಯದಿತ್ತು.

ಬಸ್ಸು ಬೇರೆಯವರ ಕೈಗೆ ಹೋಯಿತು. ರಫೀಕ್ ಕೆಲವು ದಿನ ಬಂದು ಮಾತಾಡಿಸುತ್ತಿದ್ದ, ಆಮೇಲೆ ಅವನೂ ಬೇರೆ ಲೈನಿಗೆ ಹೋದ. ಹೋದದ್ದು ಬರದ ಮೇಲೆ ಆಪರೇಷನ್ ಯಾಕೆ ಅಂತ ಬಾವ ಕಣ್ಣಿಗೆ ಬರೀ ಹನಿ ಹಾಕಿಕೊಂಡರು, ಮೂರು ತಿಂಗಳಾದರೂ ಏನೂ ಹೆಚ್ಚು ಕಾಣಲಿಲ್ಲ ಅಂತ ಬಿಟ್ಟರು. ಅಕ್ಕ ಗಲಾಟೆ ಮಾಡಿ ಮತ್ತೆ ಹಾಕಿಸಿದಳು, ಮತ್ತೆ ಬಿಟ್ಟರು. ನಾನು ಹೇಳಲು ಹೋದರೆ ಅಕ್ಕ ಒಂದೇ ಮಾತು ಅಂದಳು: "ನೀನು ಹೇಳಬೇಡ ಕಣಪ್ಪ. ನೀನು ಹೇಳಿದ್ದನ್ನ ಅವರು ಕೇಳ್ತಾರೆ ಅನ್ನೋದೇ ನನಗೆ ಭಯ." ಬೈದಿದ್ದರೆ ಎದುರು ಮಾತಾಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವರು ಯಾವುದೋ ಬಸ್ಸು ಹತ್ತಿ ಬಂದು, ಸ್ಟ್ಯಾಂಡಿನಿಂದ ಗೋಡೆ ಹಿಡಿದುಕೊಂಡು ನನ್ನ ಅಂಗಡಿಗೆ ಬರುವುದು ನಿಲ್ಲಲಿಲ್ಲ. ಅದೇ ಮೂರನೆಯ ನಂಬರಿನ ಮಷೀನು. ಹುಡುಗರು ಅವರನ್ನು ಹೊಡೆಯುವುದನ್ನು ಬಿಟ್ಟರು. ಎದುರಿಗೆ ಬಂದು ನಿಂತು ಹೊಡೆಸಿಕೊಳ್ಳುತ್ತಿದ್ದರು. ಇದು ಬಾವನಿಗೆ ತಿಳಿಯಿತೋ ಇಲ್ಲವೋ. ನಾನು ಹೆಡ್‌ಫೋನ್ ಹಾಕಿಕೊಟ್ಟೆ, ಹೆಜ್ಜೆಯ ಸದ್ದು ಯಾವ ಕಿವಿಗೆ ಬರುತ್ತದೆ ಅಂತ ಹಿಡಿದು ತಿರುಗಲಿ ಅಂತ. ಸ್ವಲ್ಪ ದಿನ ಅದೂ ನಡೆಯಿತು. ಆಮೇಲೆ ನಡುವಿನ ಆ ಬಿಳಿಯೂ ಮಬ್ಬಾಯಿತು.

ಒಂದು ದಿನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. "ರಾಜ, ಇನ್ನೊಂಚೂರು ಬ್ರೈಟ್ ಮಾಡು" ಅಂದರು.

ಬ್ರೈಟ್‌ನೆಸ್ಸು ತುದಿಯಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಮುಂದಕ್ಕೆ ಜಾಗವಿರಲಿಲ್ಲ. ಆದರೂ ಎದ್ದು ಹೋದೆ. ಕೀಬೋರ್ಡಿನ ಮೇಲೆ ಸುಮ್ಮನೆ ಎರಡು ಸಲ ಬೆರಳು ಆಡಿಸಿ ಸದ್ದು ಮಾಡಿದೆ. "ಈಗ?" ಅಂದೆ.

ಬಾವ ಪರದೆಯಿಂದ ಮುಖ ತೆಗೆದರು. ಆಮೇಲೆ ನನ್ನ ಕೈ ಇರಬಹುದಾದ ಕಡೆ ತಡವಿ, ಮುಂಗೈ ಮೇಲೆ ಎರಡು ಸಲ ತಟ್ಟಿ, "ಹ್ಞೂ ಕಣೋ, ಈಗ ಪರ್ವಾಗಿಲ್ಲ" ಅಂದರು.

ಆಮೇಲೆ ಅವರು ಆಡಲು ಬರಲಿಲ್ಲ. ನಾನೂ ಆಟವನ್ನು ನಾಲ್ಕು ಮಷೀನಿನಿಂದಲೂ ತೆಗೆದೆ. ಈಗ ಅವರಿಗೆ ಬೆಳಗು ಬೈಗಿನ ವ್ಯತ್ಯಾಸ ಗೊತ್ತಾಗುತ್ತದೆ, ಅಷ್ಟೇ. ಮಾತಿನಲ್ಲಿ ಒಂದು ದಿನವೂ ನನ್ನನ್ನು ದೂರಿಲ್ಲ.

ಇಷ್ಟು ಓದಿದ್ದೀರಿ, ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಲವತ್ತು ದಾಟಿದ್ದರೆ ಕಣ್ಣಿನ ಒತ್ತಡ ಒಂದು ಸಲ ನೋಡಿಸಿ. ಸಣ್ಣಕ್ಷರ ಓದುತ್ತೇನೆ ಅಂತ ಬೀಗಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಬಂದಿದ್ದರೆ ನಲವತ್ತರವರೆಗೆ ಕಾಯಬೇಡಿ. ಮನೆಯಲ್ಲಿ ಯಾರಾದರೂ ಚೊಂಬು ಉರುಳಿಸುತ್ತಿದ್ದರೆ, ಬಾಗಿಲಿಗೆ ಭುಜ ತಾಗಿಸುತ್ತಿದ್ದರೆ, ಎದುರೆದುರು ಕೂರಿಸಿ ಅವರ ಒಂದು ಕಣ್ಣು ಮುಚ್ಚಿಸಿ, ಅದಕ್ಕೆ ಎದುರಾದ ನಿಮ್ಮ ಕಣ್ಣನ್ನೂ ಮುಚ್ಚಿಕೊಳ್ಳಿ, ನಿಮ್ಮ ಮೂಗನ್ನೇ ನೋಡಲು ಹೇಳಿ, ಬೆರಳನ್ನು ಮಗ್ಗುಲಿನಿಂದ ಒಳಕ್ಕೆ ತನ್ನಿ. ನಿಮಗೆ ಕಂಡು ಅವರಿಗೆ ಕಾಣದಿದ್ದರೆ ಅವತ್ತೇ ಹೊರಡಿ. ಕಂಡಿತು ಅಂದರೂ ಅಷ್ಟಕ್ಕೇ ಬಿಡಬೇಡಿ, ಡಾಕ್ಟರೇ ನೋಡಿ ಹೇಳಲಿ. ಡಾಕ್ಟರು ಕೊಟ್ಟ ಹನಿಯನ್ನು ಏನೂ ಗುಣ ಕಾಣಲಿಲ್ಲ ಅಂತ ಬಿಡಬೇಡಿ. ಅದು ಹೆಚ್ಚು ಕಾಣಿಸಲು ಕೊಟ್ಟದ್ದಲ್ಲ, ಇನ್ನೂ ಕಡಿಮೆಯಾಗದಿರಲಿ ಅಂತ ಕೊಟ್ಟದ್ದು. ಕೆಲಸ ಹೋಗುತ್ತದೆ ಅಂತ ಹೆದರಿಕೆಯಿದ್ದರೆ ಬೇರೆ ಊರಿನ ಆಸ್ಪತ್ರೆಗೆ ಹೋಗಿ, ಆದರೆ ಹೋಗಿ. ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ, ಪರೀಕ್ಷೆಗೆ ಅಂತ ಕಣ್ಣಿಗೆ ಔಷಧಿ ಹಾಕಿದರೆ ಕೆಲವು ಗಂಟೆ ಎಲ್ಲ ಮಂಜಾಗಿರುತ್ತದೆ, ರಸ್ತೆ ದಾಟಲು ಕಷ್ಟ. ಜೊತೆಗೆ ಹೋದವರು ಕೈ ಹಿಡಿದುಕೊಂಡಿದ್ದರೆ ಸಾಕು. ಬುದ್ಧಿ ಹೇಳುವುದು ಬೇಡ.